ಹೆಸರಿಲ್ಲದ ಒಂದು ಗೇಣು

ಹೋದ ತಿಂಗಳು ಬಳ್ಳಾರಿಯಲ್ಲಿ ಮದುವೆ ಮುಗಿಸಿಕೊಂಡು ಬರುವಾಗ ಬಸ್ಸು ಮೊಳಕಾಲ್ಮೂರಿನಲ್ಲಿ ಕೆಟ್ಟು ನಿಂತಿತು. ಇನ್ನೊಂದು ಬಸ್ಸು ಬರಲು ಎರಡು ಗಂಟೆಯಾಗುತ್ತದೆ ಎಂದು ಕಂಡಕ್ಟರ್ ಹೇಳಿದ. ಉಳಿದವರು ಗೊಣಗಿಕೊಂಡು ಹೋಟೆಲ್ ಹುಡುಕಿದರು, ನಾನು ನೇಕಾರರ ಬೀದಿಯ ಕಡೆ ಕಾಲು ಹಾಕಿದೆ. ಯಾರದೋ ಹಿತ್ತಲಲ್ಲಿ ಹಸಿ ರೇಷ್ಮೆಗೆ ಸೋಪು, ಸೋಡಾ ಹಾಕಿ ಕುದಿಸುತ್ತಿದ್ದರು. ಗೊತ್ತಿಲ್ಲದವರು ಮೂಗು ಮುಚ್ಚಿಕೊಂಡು ಓಡುವಂಥ ವಾಸನೆ ಅದು. ನನ್ನ ಹಿಂದೆ ಬಂದಿದ್ದ ಸಹಪ್ರಯಾಣಿಕರೊಬ್ಬರು ಕರ್ಚೀಫು ತೆಗೆದು ಹಾಗೇ ಹಿಂದಿರುಗಿದರು. ನಾನು ಗೋಡೆಗೆ ಒರಗಿ ನಿಂತು ಆ ವಾಸನೆಯನ್ನು ಎದೆತುಂಬ ಎಳೆದುಕೊಂಡೆ. ಅದರಲ್ಲಿ ನನ್ನ ಒಂದು ವರ್ಷ ಇದೆ. ಆ ವರ್ಷ ಇಲ್ಲದೆ ಹೋಗಿದ್ದರೆ ಇವತ್ತು ನಾನು ಚಿತ್ರಗಾರ ಎಂದು ಹೇಳಿಕೊಳ್ಳುತ್ತಿರಲಿಲ್ಲ.

ನಾನು ಸರ್ಕಾರಿ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಶಾಲೆಯಲ್ಲಿ ಮಕ್ಕಳಿಗೆ ಕಲಿಸುವುದು ಹೂಜಿ, ಮಾವಿನಹಣ್ಣು, ಎರಡು ಗುಡ್ಡಗಳ ನಡುವೆ ಸೂರ್ಯ. ಮನೆಗೆ ಬಂದು ನಾನು ಮಾಡುವ ಚಿತ್ರಗಳಲ್ಲಿ ಇವು ಯಾವುವೂ ಇರುವುದಿಲ್ಲ. ಬಣ್ಣ ಇರುತ್ತದೆ, ಅದರ ಪಕ್ಕ ಇನ್ನೊಂದು ಬಣ್ಣ ಇರುತ್ತದೆ, ಎರಡರ ನಡುವೆ ಏನೋ ನಡೆಯುತ್ತಿರುತ್ತದೆ. ತಿಳಿದವರು ಇದಕ್ಕೆ ಅಮೂರ್ತ ಚಿತ್ರ ಎನ್ನುತ್ತಾರೆ. ನನ್ನ ಮಾವನವರು ಮಾತ್ರ ಮೊದಲಿನಿಂದಲೂ 'ಅದು' ಎನ್ನುತ್ತಾರೆ. ಅದನ್ನು ಇನ್ನೂ ಮಾಡುತ್ತಿದ್ದೀರಾ ಎಂದು ಹಬ್ಬಕ್ಕೊಮ್ಮೆ ಕೇಳುತ್ತಾರೆ, ನೆಗಡಿ ವಾಸಿಯಾಯಿತೇ ಎಂದು ಕೇಳುವ ಹಾಗೆ.

ಮೊಳಕಾಲ್ಮೂರಿಗೆ ವರ್ಗವಾದ ವರ್ಷ ನೆಗಡಿ ಹೆಚ್ಚುಕಡಿಮೆ ವಾಸಿಯಾಗಿತ್ತು. ಅದಕ್ಕೂ ಮೊದಲು ದಾವಣಗೆರೆಯಲ್ಲಿ ನನ್ನದೊಂದು ನೀಲಿ ಬಣ್ಣದ ಕ್ಯಾನ್ವಾಸ್ ಎಲ್ಲರಿಗೂ ಹಿಡಿಸಿ, ಬಂದವರೆಲ್ಲ ನೀಲಿಯನ್ನೇ ಕೇಳಿ, ನಾನೂ ನೀಲಿಯನ್ನೇ ಕೊಟ್ಟು, ಕೊನೆಗೆ ಕ್ಯಾನ್ವಾಸ್ ಮುಟ್ಟುವ ಮೊದಲೇ ಅದರ ಮುಂದೆ ಯಾರು ಹೇಗೆ ನಿಂತು ಏನು ಹೇಳುತ್ತಾರೆಂದು ನನಗೆ ಗೊತ್ತಾಗಿಬಿಡುತ್ತಿತ್ತು. ಆಮೇಲೆ ಎರಡು ವರ್ಷ ಒಂದು ಚಿತ್ರವೂ ಮುಗಿಯಲಿಲ್ಲ. ಅಲ್ಲಿ ಗ್ಯಾಲರಿ ಇಟ್ಟುಕೊಂಡಿರುವ ಗೆಳೆಯ ಪ್ರಭು, ಮಾರ್ಚ್‌ನಲ್ಲಿ ನಿನ್ನೊಬ್ಬನದೇ ಪ್ರದರ್ಶನ ಇಡುತ್ತೇನೆ, ಹದಿನೈದು ಚಿತ್ರ ಕೊಡು ಎಂದಿದ್ದ. ಹೆಂಡತಿ ಶೈಲಾಗೆ ನಾನು ನೇರವಾಗಿ ಹೇಳಿಬಿಟ್ಟಿದ್ದೆ: ಈ ವರ್ಷ ಆಗಲಿಲ್ಲವೆಂದರೆ ಬ್ರಷ್ ಕಟ್ಟಿ ಅಟ್ಟಕ್ಕೆ ಹಾಕುತ್ತೇನೆ, ಮತ್ತೆ ಆ ಸುದ್ದಿ ಎತ್ತುವುದಿಲ್ಲ. ಅವಳು ಆಗಲಿ ಎಂದಳು. ಸ್ವಲ್ಪವಾದರೂ ಬೇಡ ಅನ್ನಬಹುದೆಂದು ಕಾದಿದ್ದೆ.

ಅವಳ ಕೆಲಸ, ಮಗಳ ಶಾಲೆ ಎರಡೂ ದಾವಣಗೆರೆಯಲ್ಲಿ. ಹಾಗಾಗಿ ಜೂನ್‌ನಲ್ಲಿ ಒಂದು ಹಾಸಿಗೆ, ಒಂದು ಸ್ಟವ್, ಒಂದು ಕಟ್ಟು ಕ್ಯಾನ್ವಾಸ್ ಹೊತ್ತುಕೊಂಡು ನಾನೊಬ್ಬನೇ ಬಂದೆ. ಬರುವಾಗ ಊರಿನ ಮೇಲೆ ಸಿಟ್ಟಿತ್ತು. ಕಲ್ಲುಗುಂಡುಗಳ ಗುಡ್ಡ, ಜಾಲಿ, ದೂಳೆಬ್ಬಿಸುವ ಗಾಳಿ. ಮೋಡ ಬರುತ್ತಿತ್ತು, ನೋಡಿಕೊಂಡು ಆಂಧ್ರದ ಕಡೆ ಹೋಗುತ್ತಿತ್ತು. ಇಲ್ಲಿ ಯಾವ ಬಣ್ಣ ಹುಟ್ಟುತ್ತದೆ ಎಂದು ಮೊದಲ ವಾರವೇ ಶೈಲಾಗೆ ಫೋನಿನಲ್ಲಿ ದೂರಿದೆ. ಕಣ್ಣು ಬಿಟ್ಟು ನೋಡಿದೆಯಾ ಎಂದು ಅವಳು ಕೇಳಿದಳು.

ಬಾಡಿಗೆಗೆ ಸಿಕ್ಕಿದ್ದು ನೇಕಾರ ನಾಗಭೂಷಣಪ್ಪನವರ ಮನೆಯ ಮುಂದಿನ ಕೋಣೆ. ಅರವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಹೆಂಡತಿ ಲಕ್ಷ್ಮಕ್ಕನಿಗೆ ಎರಡು ಭಾಷೆಯಲ್ಲೂ ಮಾತು ಜಾಸ್ತಿ. ಗಂಡನ ಜೊತೆ ತೆಲುಗು, ನನ್ನ ಜೊತೆ ಕನ್ನಡ, ಕೋಳಿ ಓಡಿಸುವಾಗ ಎರಡೂ. ನನ್ನ ಕೋಣೆಗೂ ನಡುಮನೆಗೂ ಒಂದೇ ಗೋಡೆ. ನಡುಮನೆಯಲ್ಲಿ ಕುಣಿಮಗ್ಗ. ನೆಲದಲ್ಲಿ ತೋಡಿದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಭೂಷಣಪ್ಪನವರು ಬೆಳಗ್ಗೆ ಕೂತರೆಂದರೆ ಅಡ್ಡ ಎಳೆ ಹೊತ್ತು ಅತ್ತಿತ್ತ ಓಡುವ ಅವರ ಲಾಳಿಯ ಸದ್ದು ನನ್ನ ಗೋಡೆಯಲ್ಲೂ ಕೇಳುತ್ತಿತ್ತು.

ನನ್ನ ಕ್ಯಾನ್ವಾಸ್ ನೋಡಿದವರೆಲ್ಲ ಕೇಳುವುದು ಇದು ಏನು ಎಂದು. ಭೂಷಣಪ್ಪನವರು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿ, ಬೇರೆಯದನ್ನೇ ಕೇಳಿದರು.

"ಯಾವ ಅಂಚಿಂದ ಶುರು ಮಾಡ್ತೀರಿ ಸಾರ್?"

ಹಾಗೇನಿಲ್ಲ, ಎಲ್ಲಿಂದ ಬೇಕಾದರೂ ಶುರು ಮಾಡುತ್ತೇನೆ ಎಂದೆ. ಅವರಿಗೆ ನನ್ನ ಮೇಲೆ ಕನಿಕರ ಬಂದಂತೆ ಕಾಣಿಸಿತು.

ಆಷಾಢದಲ್ಲಿ ಒಂದು ದಿನ ಮಗ್ಗದ ಸದ್ದು ನಿಂತಿತ್ತು. ಹೋಗಿ ನೋಡಿದರೆ ಹೊಸ ಹಾಸು ಏರಿಸುತ್ತಿದ್ದರು. ಹಾಸು ಎಂದರೆ ಮಗ್ಗದ ಉದ್ದಕ್ಕೆ ಹರಡಿದ ಎಳೆಗಳು. ಆ ಮನೆಯಲ್ಲಿ ಒಂದು ಹಾಸಿನಲ್ಲಿ ಮೂರು ಸೀರೆ ಬರುತ್ತಿದ್ದವು. ಅದು ಮುಗಿದಾಗ ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸಬೇಕು. ಲಕ್ಷ್ಮಕ್ಕ ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆಯುತ್ತಿದ್ದರು, ಸಾವಿರಾರು ಎಳೆ, ಬಾಯಿ ತುಂಬ ಮಾತು, ಒಂದು ಎಳೆಯೂ ತಪ್ಪುತ್ತಿರಲಿಲ್ಲ. ಮಾರನೆಯ ದಿನ ಭೂಷಣಪ್ಪನವರು ಕೂತು, ಸೀರೆ ಶುರು ಮಾಡುವ ಮೊದಲು, ಮೂಲೆಯ ಡಬ್ಬಿಯಲ್ಲಿದ್ದ ಚೂರುಪಾರು ನೂಲನ್ನೆಲ್ಲ ಲಾಳಿಗೆ ಹಾಕಿಕೊಂಡು ಒಂದು ಗೇಣು ನೇಯ್ದರು. ಹೊಸ ಎಳೆಗಳು ಬಿಗಿಯಾಗಿ, ಸಮನಾಗಿ ಕೂರಲಿ ಎಂದು ಮಾಡುವುದಂತೆ. ಆಮೇಲೆ ಅದನ್ನು ಕತ್ತರಿಸಿ ಬಿಸಾಡುತ್ತಾರೆ, ಇಲ್ಲವೆ ಲಕ್ಷ್ಮಕ್ಕ ಕನ್ನಡಕ ಒರೆಸಲು ಇಟ್ಟುಕೊಳ್ಳುತ್ತಾರೆ. ಅದಕ್ಕೆ ಏನನ್ನುತ್ತೀರಿ ಎಂದು ಕೇಳಿದೆ. ಅದಕ್ಕೇನು ಹೆಸರು, ಸುಮ್ಮನೆ ಒಂದು ಗೇಣು ಎಂದರು ಲಕ್ಷ್ಮಕ್ಕ.

ನಾನು ಅದನ್ನು ಕೈಯಲ್ಲಿ ಹಿಡಿದು ನಿಂತುಬಿಟ್ಟೆ. ಕುಂಕುಮಗೆಂಪು ಹಾಸಿನ ಮೇಲೆ ನಾಲ್ಕೆಳೆ ಗಿಳಿಹಸಿರು, ಇದ್ದಕ್ಕಿದ್ದಂತೆ ಒಂದು ಬಿಳಿ ಹತ್ತಿ ನೂಲು, ಒಂದು ಬೆರಳಗಲ ಅರಿಶಿನ, ಅದೂ ಅರ್ಧಕ್ಕೇ ಮುಗಿದು ನೇರಳೆ. ಶುರುವಿನಲ್ಲಿ ಸಡಿಲ, ಎಳೆಗಳು ಅತ್ತಿತ್ತ ಸರಿದಿವೆ. ಹೋಗುತ್ತಾ ಹೋಗುತ್ತಾ ಬಿಗಿಯಾಗಿ, ಕೊನೆಯ ಎರಡು ಬೆರಳು ಒಂದೇ ಸಮ. ಹಾಡುವ ಮೊದಲು ಗಂಟಲು ಸರಿ ಮಾಡಿಕೊಂಡ ಹಾಗೆ. ಇಪ್ಪತ್ತು ವರ್ಷ ನಾನು ಮಾಡಬೇಕೆಂದುಕೊಂಡು ಮಾಡಲಾಗದೆ ಹೋದದ್ದು ಆ ಬಟ್ಟೆಯ ಮೇಲಿತ್ತು, ಅದನ್ನು ಮಾಡಿದ ಮನುಷ್ಯ ಎದ್ದು ಕೈಕಾಲು ತೊಳೆಯಲು ಹೋಗಿದ್ದ. ಸಂತೋಷವಾಯಿತು, ಹೊಟ್ಟೆಕಿಚ್ಚೂ ಆಯಿತು.

ಇದನ್ನು ನನಗೆ ಕೊಡಿ ಎಂದು ಕೇಳಿ ತಂದು ಗೋಡೆಗೆ ಅಂಟಿಸಿದೆ. ಹುಮ್ಮಸ್ಸಿನಲ್ಲಿ ಅದೇ ಬಣ್ಣ, ಅದೇ ಪಟ್ಟೆಗಳನ್ನು ಕ್ಯಾನ್ವಾಸಿನ ಮೇಲೆ ಬರೆದೆ. ಚೆನ್ನಾಗಿಯೇ ಬಂತು, ಜೀವ ಮಾತ್ರ ಇರಲಿಲ್ಲ. ಇನ್ನೆರಡು ಗೇಣು ಸಿಕ್ಕರೆ ಗುಟ್ಟು ತಿಳಿದೀತು ಎಂದುಕೊಂಡು ಮುಂದಿನ ಹಾಸು ಏರುವುದನ್ನು ಕಾದೆ.

ಶ್ರಾವಣದಲ್ಲಿ ಬಂತು. ಭೂಷಣಪ್ಪನವರೇ ಒಗೆದ ಪಂಚೆ ಉಟ್ಟು, ಎರಡೂ ಕೈಯಲ್ಲಿ ಹಿಡಿದು ತಂದು ಕೊಟ್ಟರು. ಬಿಚ್ಚಿ ನೋಡಿದರೆ ನವಿಲು. ಜರಿ ಎಳೆಯಲ್ಲಿ ಕೈಯಿಂದಲೇ ಬುಟ್ಟಾದ ಚಿತ್ತಾರ ಎತ್ತಿ ಮಾಡಿದ, ಕತ್ತು ಕೊಂಕಿಸಿದ ನವಿಲು. ಸುತ್ತಲೂ ರುದ್ರಾಕ್ಷಿ ಅಂಚು. ಮೇಷ್ಟ್ರಿಗೆ ಮೆಚ್ಚುಗೆಯಾಗಿದೆ, ಚೂರುಪಾರು ನೂಲಿನದು ಕೊಡುವುದು ಮರ್ಯಾದೆಯಲ್ಲ ಎಂದು ಎರಡು ದಿನ ಕೂತು ನೇಯ್ದಿದ್ದರು. ನನಗೆ ಅಳು ಬರುವುದೊಂದು ಬಾಕಿ. ಬಹಳ ಚೆನ್ನಾಗಿದೆ ಎಂದೆ.

ಆ ಒಂದು ಸುಳ್ಳು ನನ್ನನ್ನು ಮೂರು ತಿಂಗಳು ಕಾಡಿತು. ಮುಂದಿನ ಹಾಸು ಏರಿಸಿದಾಗ ಜೋಡಿ ನವಿಲು ಬಂದವು. ಸುದ್ದಿ ಬೀದಿಯಲ್ಲಿ ಹಬ್ಬಿ ಎದುರು ಮನೆಯವರು ಹಂಸ ತಂದುಕೊಟ್ಟರು, ಅದರಾಚೆ ಮನೆಯವರು ಗೋಪುರ. ಎಲ್ಲರ ಮುಂದೆಯೂ ಬಹಳ ಚೆನ್ನಾಗಿದೆ ಎಂದೆ. ಚೂರುನೂಲಿನ ಗೇಣು ಆ ಬೀದಿಯಿಂದಲೇ ಮಾಯವಾಯಿತು. ನಾನು ಮೆಚ್ಚಿದ ಒಂದೇ ಒಂದು ವಸ್ತುವನ್ನು ಮೆಚ್ಚಿಯೇ ಹಾಳು ಮಾಡಿದ್ದೆ. ಅತ್ತ ಪ್ರಭು ವಾರಕ್ಕೊಮ್ಮೆ ಫೋನ್ ಮಾಡಿ ಎಷ್ಟಾಯಿತು ಎಂದು ಕೇಳುತ್ತಿದ್ದ. ನಡೀತಾ ಇದೆ ಎನ್ನುತ್ತಿದ್ದೆ. ಏನೂ ನಡೆಯುತ್ತಿರಲಿಲ್ಲ.

ಲಕ್ಷ್ಮಕ್ಕನ ಕಣ್ಣು ತಪ್ಪಿಸುವುದು ಸಾಧ್ಯವಿರಲಿಲ್ಲ. ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ಒಂದು ಸಂಜೆ ಬಿಸಿ ಮಂಡಕ್ಕಿ ಒಗ್ಗರಣೆ ತಂದಿಟ್ಟು, ಕೋಣೆಯನ್ನೊಮ್ಮೆ ಸುತ್ತ ನೋಡಿ ಹೇಳಿದರು.

"ಮೊದಲನೇದು ಗ್ವಾಡೆ ಮ್ಯಾಲೈತೆ. ನವಿಲು ಪೆಟ್ಟಿಗ್ಯಾಗೈತೆ. ಇದು ಹಿಂಗ್ಯಾಕೆ ಅಂತ ನಾನು ಅವಾಗ್ಲಿಂದ ನೋಡ್ತಾನೆ ಅದೀನಿ."

ನಾನು ತಲೆ ತಗ್ಗಿಸಿದೆ. ಆ ಗೇಣಿಗೆ ಪ್ರತಿ ಸಾರಿ ಎರಡು ಮೂರು ದಿನ ಹೋಗುತ್ತಿದೆಯೆಂದೂ, ಸೀರೆ ಕೊಡುವ ದಿನ ಮುಂದಕ್ಕೆ ಹೋಗುತ್ತಿದೆಯೆಂದೂ, ಗಂಡನ ಸೊಂಟ ಹಿಡಿದುಕೊಂಡಿದೆಯೆಂದೂ ಹೇಳಿದರು. ನೀವೇ ಬಾಯಿ ಬಿಟ್ಟು ಹೇಳಿ, ನಾನು ಹೇಳಿದರೆ ನನ್ನ ಮೇಲೆ ಹಾರಾಡುತ್ತಾರೆ ಎಂದೂ ಸೇರಿಸಿದರು.

ದಸರಾ ರಜೆ ಬಂತು. ಆಯುಧಪೂಜೆಗೆ ಮಗ್ಗಕ್ಕೆ ಬಿಡುವು. ಭೂಷಣಪ್ಪನವರು ಹುಟ್ಟಿದಾಗಿನಿಂದ ಇಲ್ಲೇ ಇದ್ದರೂ ಹತ್ತಿರದ ಬ್ರಹ್ಮಗಿರಿ ಗುಡ್ಡ ನೋಡಿರಲಿಲ್ಲ. ಇಬ್ಬರೂ ಬಸ್ಸಿನಲ್ಲಿ ಸಿದ್ದಾಪುರಕ್ಕೆ ಹೋಗಿ ನಡೆದೆವು. ದಾರಿಯುದ್ದಕ್ಕೂ ಹೊಲಗಳಲ್ಲಿ ಕಡಲೆಕಾಯಿ ಕೀಳುತ್ತಿದ್ದರು, ಹಸಿ ಮಣ್ಣಿನ ವಾಸನೆ. ಯಾರೋ ಹೆಂಗಸು ಕರೆದು ಟವೆಲ್ಲಿಗೆ ನಾಲ್ಕು ಹಿಡಿ ಹಾಕಿದರು. ಅಶೋಕನ ಶಾಸನದ ಬಂಡೆಯ ಮುಂದೆ ಭೂಷಣಪ್ಪನವರು ಕೈ ಹಿಂದೆ ಕಟ್ಟಿಕೊಂಡು ನಿಂತು, ಅಕ್ಷರ ಓದಲು ಬಾರದಿದ್ದರೂ ಸಾಲುಗಳನ್ನು ಕಣ್ಣಿನಲ್ಲೇ ಅಳೆದು, ಸಾಲು ವಾಲಿದೆ ನೋಡಿ ಎಂದರು. ಚಕ್ರವರ್ತಿಯ ಕೆಲಸದಲ್ಲೂ ತಪ್ಪು ಹಿಡಿಯುವ ಮನುಷ್ಯನಿಗೆ ನಿಜ ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗದು ಎಂದುಕೊಂಡೆ. ಕಲ್ಲಿನ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಾ ಎಲ್ಲ ಹೇಳಿದೆ. ನವಿಲು ಬೇಡ, ಮೊದಲಿನ ಹಾಗೆ ಚೂರುನೂಲಿನದೇ ಸಾಕು, ಅದರಲ್ಲಿದ್ದದ್ದು ಇವುಗಳಲ್ಲಿ ಇಲ್ಲ ಎಂದೆ.

ಅವರ ಕೈ ನಿಂತಿತು. ಮುಖ ಕೆಂಪಾಯಿತು.

"ನಲವತ್ತು ವರ್ಷ ಕಣ್ಣಿಟ್ಟು ನೇಯ್ದೀನಿ ಸಾರ್. ಅದನ್ನೆಲ್ಲ ಬಿಟ್ಟು, ಕಣ್ಣಿಡದೆ ನೇಯ್ದ ಒಂದು ಗೇಣು ಹಿಡಿಸ್ತಾ ನಿಮಗೆ?"

ಅವರು ಎದ್ದು ಟವೆಲ್ ಕೊಡವಿ ಮುಂದೆ ಮುಂದೆ ಇಳಿದರು. ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಜಾಗವಿದ್ದರೂ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತರು. ಅವರಿಗೆ ಎಷ್ಟು ನೋವಾಗಿದೆ ಎಂದು ಆ ಬೆನ್ನು ನೋಡಿದರೆ ತಿಳಿಯುತ್ತಿತ್ತು. ಸುಳ್ಳೇ ಇರಲಿ ಎಂದು ಬಿಡಬೇಕಿತ್ತು ಎಂದು ಅವತ್ತು ನನ್ನನ್ನೇ ಬೈದುಕೊಂಡೆ.

ಸುಮಾರು ಇಪ್ಪತ್ತು ದಿನ ಮಾತಿಲ್ಲ. ದೀಪಾವಳಿಗೆ ನಾನು ಊರಿಗೆ ಹೊರಡುವ ಬೆಳಗ್ಗೆ, ಚೀಲ ಹಿಡಿದು ಬಾಗಿಲಿಗೆ ಬಂದಾಗ, ಅವರು ಮಗ್ಗದಲ್ಲಿ ಕೂತಲ್ಲಿಂದಲೇ ಕರೆದರು.

"ಅದನ್ನ ನೇಯೋವಾಗ ನಾನು ಬಟ್ಟೆ ನೋಡಲ್ಲ. ಎಳೆ ಬಿಗಿ ಕುಂತೈತಾ ಅಂತ ಕಾಲು ನೋಡ್ತೈತೆ. ಲಾಳಿ ಸಲೀಸು ಓಡ್ತೈತಾ ಅಂತ ಕಿವಿ ನೋಡ್ತೈತೆ. ಅದು ಯಾರ್ಗೂ ತೋರ್ಸೋ ಬಟ್ಟೆ ಅಲ್ಲ." ಲಾಳಿ ಕೆಳಗಿಟ್ಟು ಹೇಳಿದರು: "ಇನ್ನ ಮ್ಯಾಲೆ ನಿಮಗೆ ಕೊಡಲ್ಲ ಸಾರ್. ಕೊಡೋದೈತೆ ಅಂತ ಗೊತ್ತಾದ್ರೆ ಕೈ ಸುಮ್ನಿರಲ್ಲ."

ಆ ಮಾತನ್ನು ತಲೆಯಲ್ಲಿಟ್ಟುಕೊಂಡೇ ಬಸ್ಸು ಹತ್ತಿದೆ. ಚಳ್ಳಕೆರೆಯಲ್ಲಿ ಬಸ್ಸು ಬದಲಿಸಬೇಕು. ಎಣ್ಣೆ ಮಿಲ್ಲಿನ ಬೆಚ್ಚನೆ ವಾಸನೆಯಲ್ಲಿ, ಹೆಗಲ ಮೇಲೆ ಕರಿ ಕಂಬಳಿ ಹೊತ್ತು ಮಾರುವವರ ನಡುವೆ ಅರ್ಧ ಗಂಟೆ ನಿಂತು ನಾಯಕನಹಟ್ಟಿ ಕಡೆಯ ಬಸ್ಸು ಹಿಡಿದೆ. ಕುದಾಪುರದ ಹತ್ತಿರ ಹುಲ್ಲುಗಾವಲು ಒಣಗಿ ಕುರಿಯುಣ್ಣೆಯ ಬಣ್ಣಕ್ಕೆ ತಿರುಗಿತ್ತು. ಅದರ ನಡುವೆ ವಿಜ್ಞಾನ ಸಂಸ್ಥೆಗಳ ಕಾಂಪೌಂಡು ಗೋಡೆ ಮೈಲುಗಟ್ಟಲೆ ನೇರವಾಗಿ ಓಡುತ್ತಿತ್ತು. ಅಷ್ಟು ದಿನ ಆ ಗೋಡೆ ಕಂಡರೆ ನನಗೆ ಆಗುತ್ತಿರಲಿಲ್ಲ. ಅವತ್ತು ಗೋಡೆಯ ಬುಡದಲ್ಲಿ ಹುಲ್ಲು ತನ್ನ ಪಾಡಿಗೆ ಬೆಳೆದದ್ದು ಕಂಡಿತು, ಯಾರಾದರೂ ನೋಡಲಿ ಎಂದು ಬೆಳೆದದ್ದಲ್ಲ. ನನಗೆ ಒಳಗೊಳಗೇ ನಗು ಬಂತು. ದಾವಣಗೆರೆಯಲ್ಲಿ ಅಷ್ಟು ದಿನ ನಾನು ಮಾಡುತ್ತಿದ್ದದ್ದು ಬರೀ ನವಿಲು, ನೀಲಿ ನವಿಲು, ಅಷ್ಟೇ.

ಮನೆಗೆ ಹೋದವನೇ ಪ್ರಭುವಿಗೆ ಫೋನ್ ಮಾಡಿ, ಫೆಬ್ರುವರಿ ಕೊನೆಯ ತನಕ ನನ್ನನ್ನು ಏನೂ ಕೇಳಬೇಡ, ಫೋಟೋ ಕಳಿಸು ಎನ್ನಬೇಡ ಎಂದೆ. ಅವನು ಬೈದುಕೊಂಡು ಒಪ್ಪಿದ. ಶೈಲಾಗೂ ಹೇಳಿದೆ. ನನಗೂ ತೋರಿಸಬೇಡ, ಆದರೆ ಶನಿವಾರ ಊಟಕ್ಕೆ ಬಾ ಎಂದಳು.

ಮರಳಿ ಬಂದು ನನಗೆ ನಾನೇ ಕೆಲವು ಕಟ್ಟುಪಾಡು ಹಾಕಿಕೊಂಡೆ. ನಿನ್ನೆ ತಟ್ಟೆಯಲ್ಲಿ ಉಳಿದ ಬಣ್ಣ ಮುಗಿಯುವ ತನಕ ಹೊಸ ಟ್ಯೂಬು ಒತ್ತುವ ಹಾಗಿಲ್ಲ. ಒಂದು ಚಿತ್ರ ಮುಗಿದರೆ ಗೋಡೆಗೆ ಮುಖ ಮಾಡಿ ಇಡುವುದು, ತಿರುಗಿ ನೋಡುವ ಹಾಗಿಲ್ಲ. ಗೋಡೆಯ ಮೇಲಿನ ಗೇಣನ್ನೂ ತೆಗೆದು ಲಕ್ಷ್ಮಕ್ಕನಿಗೆ ವಾಪಸು ಕೊಟ್ಟೆ, ಅವರು ಕನ್ನಡಕ ಒರೆಸಿಕೊಂಡರು. ಬೆಳಗ್ಗೆ ಶಾಲೆಗೆ ಮುಂಚೆ ಎರಡು ಗಂಟೆ, ಗೋಡೆಯಾಚೆ ಲಾಳಿ ಓಡುವಾಗ ಈಚೆ ನನ್ನ ಬ್ರಷ್ ಓಡುತ್ತಿತ್ತು. ತಟ್ಟೆಯಲ್ಲಿ ಉಳಿದದ್ದೇ ಮುಂದಿನ ಬಣ್ಣ ಹೇಳುತ್ತಿತ್ತು. ಒಣಹುಲ್ಲಿನ ಕಂದು, ಕಡಲೆಕಾಯಿ ಹೊಲದ ಮಣ್ಣು, ಬಂಡೆಯ ಬೂದು, ಕಂಬಳಿಯ ಕಪ್ಪು. ಇವನ್ನೆಲ್ಲ ನಾನು ಕರೆದಿರಲಿಲ್ಲ, ದಿನಾ ಕಣ್ಣಿಗೆ ಬೀಳುತ್ತಿದ್ದ ಇವು ತಾವಾಗಿ ಬಂದು ಕೂತವು. ಚಳಿಗಾಲ ಕಳೆದದ್ದೇ ಗೊತ್ತಾಗಲಿಲ್ಲ. ನನ್ನ ಬದುಕಿನಲ್ಲಿ ಅಷ್ಟು ನೆಮ್ಮದಿಯಾಗಿ ನಾನು ಯಾವತ್ತೂ ಕೆಲಸ ಮಾಡಿಲ್ಲ. ಭೂಷಣಪ್ಪನವರೂ ನಾನೂ ಮೊದಲಿನಂತೆ ಮಾತಿಗೆ ಬಂದೆವು, ನಮ್ಮ ಕೆಲಸದ ಸುದ್ದಿ ಮಾತ್ರ ಇಬ್ಬರೂ ಎತ್ತಲಿಲ್ಲ.

ಫೆಬ್ರುವರಿ ಕೊನೆಗೆ ಹದಿನೈದಾದವು. ತಿರುಗಿಸಿ ನೋಡಿ ನನಗೇ ಆಶ್ಚರ್ಯವಾಯಿತು. ಅವುಗಳಲ್ಲಿ ಎರಡು ಬಹಳ ಹಿಡಿಸಿದವು. ಕೊನೆಯ ವಾರ ಮಾಡಿದವು, ಅಂಚಿನಲ್ಲಿ ಸಣ್ಣಗೆ ನೀಲಿ ಬಂದಿತ್ತು, ತುಂಬ ಓರಣವಾಗಿದ್ದವು. ಅದರಲ್ಲಿ ಒಂದರ ಫೋಟೋ ಪ್ರಭುವಿಗೆ ಕಳಿಸಿದೆ, ಅವನು ಕುಣಿದಾಡಿ ಆಮಂತ್ರಣಕ್ಕೆ ಅದನ್ನೇ ಅಚ್ಚು ಹಾಕಿಸಿದ.

ಕಟ್ಟುವ ಮೊದಲು ಒಣಗಲಿ ಎಂದು ಎಲ್ಲವನ್ನೂ ನಡುಮನೆಯಲ್ಲಿ ಗೋಡೆಗೆ ಒರಗಿಸಿದ್ದೆ. ಭೂಷಣಪ್ಪನವರು ಮಗ್ಗದ ಗುಂಡಿಯಿಂದ ಎದ್ದು, ಹಿತ್ತಲಿಗೆ ಹೋಗಿ ಕೈ ತೊಳೆದು ಒರೆಸಿಕೊಂಡು ಬಂದರು. ಮೊದಲನೆಯ ಚಿತ್ರವನ್ನು ಎತ್ತಿ, ತಿರುಗಿಸಿ, ಅದರ ಹಿಂಭಾಗ ನೋಡತೊಡಗಿದರು. ಅಲ್ಲಿ ಏನೂ ಇಲ್ಲ ಎಂದೆ. ಬೆನ್ನು ನೋಡದೆ ಸೀರೆ ಹೇಗಿದೆ ಎಂದು ಹೇಳುವುದು ಹೇಗೆ ಎಂದರು. ಹದಿನೈದರ ಬೆನ್ನನ್ನೂ ನೋಡಿದರು, ಬೆರಳಿನಿಂದ ಅಂಚು ಸವರಿದರು, ಆಮೇಲೆ ಮುಂಭಾಗ. ಅರ್ಧ ಗಂಟೆಯಾದರೂ ಆಗಿರಬೇಕು. ಕೊನೆಗೆ ಎರಡನ್ನು ಎತ್ತಿ ಬೇರೆ ಗೋಡೆಗೆ ಇಟ್ಟರು.

"ಇವೆರಡು ಯಾರ್ಗೋ ತೋರ್ಸೋಕೆ ಮಾಡೀರಿ."

ನನ್ನ ಮೆಚ್ಚಿನ ಎರಡೂ ಅವೇ. ಕೋಪ ನೆತ್ತಿಗೇರಿತು. ಮಗ್ಗದ ಮೇಲೆ ಬಗ್ಗಿ ಬದುಕು ಕಳೆದವರಿಗೆ ಚಿತ್ರದ ವಿಷಯ ಏನು ಗೊತ್ತು ಎಂಬ ಮಾತು ನಾಲಿಗೆಯ ತುದಿಗೆ ಬಂದು, ಸದ್ಯ, ಅಲ್ಲೇ ನಿಂತಿತು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಬ್ರಹ್ಮಗಿರಿಯಲ್ಲಿ ಅವರಿಗೆ ಬಂದದ್ದೂ ಇದೇ ಕೋಪ ಎಂದು ತಿಳಿಯಲು ಹತ್ತು ನಿಮಿಷ ಬೇಕಾಯಿತು. ಅವರು ಹೇಳಿದ್ದು ನಿಜ ಎಂದು ಒಪ್ಪಲು ಇನ್ನೊಂದು ಹತ್ತು ನಿಮಿಷ. ಆ ಎರಡನ್ನು ಮಾಡುವಾಗ ನನ್ನ ಮನಸ್ಸಿನಲ್ಲಿ ಪ್ರಭು ಅವುಗಳ ಮುಂದೆ ನಿಂತಿದ್ದ, ನಾನು ಅವನ ಮುಖವನ್ನೇ ನೋಡುತ್ತಿದ್ದೆ.

ಹೊರಗೆ ಬಂದು, ಇವೆರಡನ್ನು ಏನು ಮಾಡಲಿ ಎಂದೆ.

"ನಮ್ಮನ್ಯಾಗಿರ್ಲಿ ಬಿಡ್ರಿ. ನನ್ನ ನವಿಲು ನಿಮ್ಮ ಹತ್ರ ಐತಲ್ಲ," ಎಂದರು ಭೂಷಣಪ್ಪನವರು. ಲಕ್ಷ್ಮಕ್ಕ ತೆಲುಗಿನಲ್ಲಿ ಏನೋ ಅಂದು ಬಾಯಿಗೆ ಸೆರಗು ಮುಚ್ಚಿ ನಕ್ಕರು. ಏನೆಂದು ಇಬ್ಬರೂ ನನಗೆ ಹೇಳಲಿಲ್ಲ.

ದಾವಣಗೆರೆಗೆ ಹದಿಮೂರು ಚಿತ್ರ ಹೋದವು. ಆಮಂತ್ರಣದ ಮೇಲಿನ ಚಿತ್ರ ಎಲ್ಲಿ ಎಂದು ಬಂದವರೆಲ್ಲ ಕೇಳಿದರು, ಪ್ರಭು ಎರಡು ದಿನ ನನ್ನೊಂದಿಗೆ ಮಾತು ಬಿಟ್ಟ. ಶೈಲಾ ಮಾತ್ರ ಒಂದೊಂದರ ಮುಂದೂ ನಿಂತು ನೋಡಿ, ಬ್ರಷ್ ಅಟ್ಟಕ್ಕೆ ಹಾಕುವುದು ಬೇಡ, ಅಲ್ಲಿ ಜಾಗವೂ ಇಲ್ಲ ಎಂದಳು. ಮೇ ತಿಂಗಳಲ್ಲಿ ವಾಪಸು ವರ್ಗವಾಗಿ ಸಾಮಾನು ಕಟ್ಟುವಾಗ ಪೆಟ್ಟಿಗೆಯಿಂದ ಆ ಮೊದಲ ನವಿಲನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಅಲ್ಲಿಯ ತನಕ ನಾನು ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಬೆನ್ನು ತಿರುಗಿಸಿದೆ. ಕತ್ತು ಕೊಂಕುವಲ್ಲಿ ಮನಸ್ಸಿಗೆ ಬಾರದೆ ಬಿಚ್ಚಿ ಮತ್ತೆ ಮತ್ತೆ ನೇಯ್ದ ಗುರುತು ಇತ್ತು, ಹಿಡಿದುಕೊಂಡ ಸೊಂಟದಲ್ಲಿ ಎರಡು ದಿನ ಬಗ್ಗಿ ಕೂತ ಗುರುತು.

ಅದು ಈಗ ನಮ್ಮ ಮನೆಯ ನಡುಕೋಣೆಯಲ್ಲಿ ತೂಗುತ್ತಿದೆ. ಮಾವನವರು ಬಂದರೆ ನನ್ನ ಚಿತ್ರಗಳನ್ನು ದಾಟಿ ಹೋಗಿ ಅದರ ಮುಂದೆ ನಿಲ್ಲುತ್ತಾರೆ. ಭೂಷಣಪ್ಪನವರ ಮಾತು ನಿಜವೇ, ಯಾರಿಗೋ ತೋರಿಸಲೆಂದು ಮಾಡಿದ್ದು ಅದು. ಆ ಯಾರೋ ನಾನಾಗಿದ್ದೆ.